ಗೇಜಿನ ‘ಎಣ್ಣೆ’ ಸೋರಿದರೆ ಸುಮ್ಮನಿರಬೇಡಿ

ನಮ್ಮದು ಹಿರಿಯೂರು ಸೀಮೆಯ ಒಣಭೂಮಿ. ಶೇಂಗಾ, ತೊಗರಿ ಮಳೆ ನಂಬಿಕೊಂಡೇ ಬೆಳೆಯೋದು. ಬೋರಿನ ನೀರು ಎರಡು ಎಕರೆ ದಾಳಿಂಬೆಗೆ ಮಾತ್ರ, ಅದೂ ಡ್ರಿಪ್ಪಿನಲ್ಲಿ. ಫಿಲ್ಟರಿಗೆ ಎರಡು ಗೇಜುಗಳಿವೆ. ನೀರು ಒಳಹೋಗುವಲ್ಲಿ ಒಂದು, ಹೊರಬರುವಲ್ಲಿ ಒಂದು. ಹೊರಗಡೆ ಗೇಜು ಕಲಿಸಿದ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

2023ರ ಬೇಸಿಗೆಯಲ್ಲಿ ಅದರ ಮೈಯೆಲ್ಲ ಅಂಟಂಟಾಗಿ ಧೂಳು ಮೆತ್ತಿಕೊಂಡಿತ್ತು. ಒಳಗಿನ ‘ಎಣ್ಣೆ’ ಸೋರಿಹೋಗಿತ್ತು. ನೀರೇನೂ ಸೋರುತ್ತಿಲ್ಲವಲ್ಲ, ಇರಲಿ ಬಿಡು ಅಂದುಕೊಂಡೆ. ಮುಳ್ಳು ಒಂದು ಕೆಜಿ ಮೇಲೆ ನಿಂತಿರುತ್ತಿತ್ತು. ಒಳಗಡೆ ಗೇಜಿನಲ್ಲಿ ಒತ್ತಡ ಏರಿದ್ದೂ ಕಂಡಿತ್ತು. ಒಳ್ಳೆಯದೇ ಆಯಿತು ಅಂತ ಸುಮ್ಮನಾದೆ! ಕರೆಂಟು ಬರುವುದು ರಾತ್ರಿ, ಬ್ಯಾಟರಿ ಬೆಳಕಿನಲ್ಲಿ ನೋಡಿ ಬಂದುಬಿಡುತ್ತಿದ್ದೆ. ಕೊನೆ ಸಾಲಿನ ಗಿಡಗಳು ಬಾಡಿದ್ದನ್ನು ಮನೆಯವಳು ಹೇಳಿದ ಮೇಲೇ ಫಿಲ್ಟರ್ ಬಿಚ್ಚಿದ್ದು. ಕೆಸರು ತುಂಬಿ ಕಟ್ಟಿಕೊಂಡಿತ್ತು. ಮೋಟಾರು ನಿಲ್ಲಿಸಿದರೂ ಆ ಗೇಜಿನ ಮುಳ್ಳು ಒಂದರಿಂದ ಇಳಿಯಲೇ ಇಲ್ಲ. ಗಾಬರಿಯಲ್ಲಿ ಒಮ್ಮೆಲೇ ಹೆಚ್ಚು ನೀರು ಬಿಟ್ಟೆ. ಒಣಗಿದ ಗಿಡಕ್ಕೆ ಏಕಾಏಕಿ ನೀರಾಗಿ ಕಾಯಿಗಳು ಸೀಳಿದವು. ಆ ಸಾಲುಗಳ ಫಸಲು ಹೋಯಿತು.

ಒಳಗಿರುವುದು ಏನು?

ಗೇಜಿನೊಳಗೆ ಕೊಕ್ಕೆಯಂತೆ ಬಾಗಿದ ಚಪ್ಪಟೆ ಲೋಹದ ಕೊಳವೆ ಇರುತ್ತದೆ. ಒತ್ತಡ ಬಂದಾಗ ಅದು ನೆಟ್ಟಗಾಗಲು ನೋಡುತ್ತದೆ, ಸಣ್ಣ ಹಲ್ಲಿನ ಚಕ್ರ ಮುಳ್ಳನ್ನು ತಿರುಗಿಸುತ್ತದೆ. 1849ರಲ್ಲಿ ಫ್ರಾನ್ಸಿನ ಬೂರ್ಡನ್ ಎಂಬವರು ಇದಕ್ಕೆ ಪೇಟೆಂಟ್ ಪಡೆದರು. ನಾವು ಎಣ್ಣೆ ಅನ್ನುವುದು ಸಾಮಾನ್ಯವಾಗಿ ಗ್ಲಿಸರಿನ್. ಮೋಟಾರಿನ ಅದುರಿಗೆ ಮುಳ್ಳು ಕುಣಿಯದಂತೆ, ಚಕ್ರದ ಹಲ್ಲು ಸವೆಯದಂತೆ ಅದು ಕಾಯುತ್ತದೆ. ಅದು ಖಾಲಿಯಾದರೂ ಗೇಜು ಕೆಲವು ದಿನ ಸರಿಯಾಗಿಯೇ ತೋರಿಸೀತು. ಹಲ್ಲು ಸವೆದು ಮುಳ್ಳು ಸಿಕ್ಕಿಕೊಂಡ ಮೇಲೆ ಸುಳ್ಳು ಹೇಳುತ್ತದೆ. ನನಗಾದದ್ದು ಇದೇ.

ಎಲ್ಲಿಂದ ಸೋರುತ್ತಿದೆ ನೋಡಿ

1. ಮೇಲಿನ ರಬ್ಬರ್ ಬಿರಡೆಯಿಂದ: ನಮ್ಮ ಕಡೆ ಬಿಸಿಲು ಜೋರು. ಗ್ಲಿಸರಿನ್ ಕಾದು ಹಿಗ್ಗಿ, ಬಿರಡೆಯನ್ನು ಒತ್ತುತ್ತದೆ. ಈ ಒತ್ತಡ ಒಳಗೇ ಉಳಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಮೋಟಾರು ನಿಂತಾಗ ಬಿರಡೆಯ ಅಂಚು ತುಸು ಎತ್ತಿ, ಗಾಳಿ ಬಿಟ್ಟು ಮತ್ತೆ ಕೂರಿಸಿ. ಗೇಜು ನೆಟ್ಟಗೆ ನಿಂತಿರಬೇಕು, ಮಲಗಿಸಿದರೆ ಸೋರುತ್ತದೆ.

2. ಗಾಜಿನ ಸುತ್ತಿನಿಂದ: ಒಳಗಿನ ರಬ್ಬರ್ ವಾಷರ್ ಬಿಸಿಲಿಗೆ ಸೆಟೆದಿರುತ್ತದೆ. ಬಳೆ ತಿರುಗಿಸಿ ಬಿಚ್ಚುವಂಥದ್ದಾದರೆ ವಾಷರ್ ಬದಲಿಸಬಹುದು. ಒತ್ತಿ ಮುಚ್ಚಿದ ಗೇಜು ಬಿಚ್ಚಲು ಹೋಗಬೇಡಿ.

3. ಕೆಳಗಿನ ಮರೆಯಿಂದ ನೀರು ಜಿನುಗಿದರೆ ಅದು ಗೇಜಿನ ದೋಷವಲ್ಲ. ಬಿಚ್ಚಿ ಟೆಫ್ಲಾನ್ ಟೇಪು ಸುತ್ತಿ ಕೂರಿಸಿ. ದುಂಡು ಮೈ ಹಿಡಿದು ತಿರುಗಿಸಲೇಬಾರದು, ಕೆಳಗಿನ ಚೌಕಕ್ಕೆ ಸ್ಪ್ಯಾನರು ಹಾಕಿ.

4. ಮೋಟಾರು ಓಡುವಾಗ ಗಾಜಿನೊಳಗೆ ದ್ರವ ಏರುತ್ತಿದ್ದರೆ ಒಳಕೊಳವೆಯೇ ಸೀಳಿದೆ ಎಂದರ್ಥ. ಕೂಡಲೇ ಮೋಟಾರು ನಿಲ್ಲಿಸಿ, ಗೇಜು ಬಿಸಾಕಿ. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ ಹೀಗಾದರೆ ಒಳಗಿರುವುದು ವಿಷ, ಬರಿಗೈಯಲ್ಲಿ ಮುಟ್ಟಬೇಡಿ.

ಮತ್ತೆ ತುಂಬಬಹುದೇ?

ಮುಳ್ಳು ಸರಿಯಾಗಿದ್ದು, ಬಿರಡೆಯಿಂದಷ್ಟೇ ಸೋರಿದ್ದರೆ ತುಂಬಬಹುದು. ಔಷಧಿ ಅಂಗಡಿಯ ಶುದ್ಧ ಗ್ಲಿಸರಿನ್ ತಂದು, ನೀರು ಬೆರೆಸದೆ, ಸಿರಿಂಜಿನಿಂದ ನಿಧಾನ ಬಿಡಿ. ಮೇಲೆ ಸ್ವಲ್ಪ ಜಾಗ ಖಾಲಿ ಇರಲಿ, ಬಿಸಿಲಿಗೆ ಹಿಗ್ಗಲು ಅದು ಬೇಕು. ಎಂಜಿನ್ ಎಣ್ಣೆ ಹಾಕಬೇಡಿ, ರಬ್ಬರ್ ಕೆಡುತ್ತದೆ.

ಗೇಜು ನಿಜ ಹೇಳುತ್ತಿದೆಯೇ?

ಮೋಟಾರು ನಿಲ್ಲಿಸಿ ಒತ್ತಡ ಪೂರ್ತಿ ಇಳಿದಾಗ ಮುಳ್ಳು ಸೊನ್ನೆಗೆ ಬರಬೇಕು. ಬಾರದಿದ್ದರೆ ನಂಬಬೇಡಿ. ಇನ್ನೊಂದು ದಾರಿ, ಎರಡು ಗೇಜುಗಳ ಜಾಗ ಅದಲುಬದಲು ಮಾಡುವುದು. ಅದಲುಬದಲಿಗೆ ಮೊದಲು ಒಳಗಡೆ ತೋರಿದ ಲೆಕ್ಕವನ್ನೇ ಆಮೇಲೂ ಒಳಗಡೆ ತೋರಿಸಬೇಕು, ಹೊರಗಡೆಯೂ ಹಾಗೆಯೇ. ಮನೆಯ ಮೇಲಿನ ಟ್ಯಾಂಕಿನಲ್ಲೂ ಪರೀಕ್ಷಿಸಬಹುದು. ನೀರಿನ ಮಟ್ಟ ಗೇಜಿಗಿಂತ 5 ಮೀಟರ್ ಎತ್ತರ ಇದ್ದು, ನಲ್ಲಿ ಮುಚ್ಚಿದ್ದರೆ ಸುಮಾರು ಅರ್ಧ ಕೆಜಿ ತೋರಿಸಬೇಕು.

ಒಂದೇ ಗೇಜು ನೋಡಿದರೆ ಸಾಲದು, ಎರಡರ ವ್ಯತ್ಯಾಸ ನೋಡಬೇಕು. ವ್ಯತ್ಯಾಸ ಅರ್ಧ ಕೆಜಿ ಮುಟ್ಟಿತೋ, ಫಿಲ್ಟರ್ ತೊಳೆಯಿರಿ.

ಈಗ ಗೇಜುಗಳ ಮೇಲೆ ಹಳೇ ತಗಡಿನ ನೆರಳು ಕಟ್ಟಿದ್ದೇನೆ. ವಾರಕ್ಕೊಮ್ಮೆ ಹಗಲಲ್ಲೇ ಹೋಗಿ ಸೊನ್ನೆ ನೋಡುತ್ತೇನೆ. ಹೊಸ ಗೇಜಿನ ಬೆಲೆ ಒಂದು ಕ್ರೇಟ್ ಹಣ್ಣಿಗಿಂತ ಕಡಿಮೆ. ನಾನು ಉಳಿಸಲು ಹೋಗಿ ಕಳೆದದ್ದು ನಾಲ್ಕು ಸಾಲು ಗಿಡಗಳ ಫಸಲು. ನಿಮಗೆ ಹಾಗಾಗದಿರಲಿ.