ಪ್ರವಾಸದ ಚೀಲದಲ್ಲಿ ಒಂದು ಹೆಣಿಗೆ



ರಜೆ ಬಂತೆಂದರೆ ಅನೇಕ ಕುಟುಂಬಗಳು ಹೊಸಪೇಟೆಗೆ ಬಂದು ಹಂಪೆ, ಕಂಪ್ಲಿ, ಸಂಡೂರುಗಳನ್ನು ಸುತ್ತುತ್ತವೆ. ಬುತ್ತಿ, ಹೊದಿಕೆಗಳ ಜೊತೆಗೆ ಕೆಲವು ತಾಯಂದಿರ ಚೀಲದಲ್ಲಿ ಅರ್ಧ ಹೆಣೆದ ಸ್ವೆಟರೂ ಇರುತ್ತದೆ. "ರಜೆಯಲ್ಲೂ ಕೆಲಸವೇ?" ಎಂದು ಮನೆಯವರು ನಗುವುದುಂಟು. ಈ ಚಿಕ್ಕ ಮಾತಿನಲ್ಲಿ, ವಿಶ್ರಾಂತಿ ಎಂದರೇನು ಎಂಬ ದೊಡ್ಡ ಪ್ರಶ್ನೆ ಅಡಗಿದೆ.

ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಿ. ರೈಲು ಬರುವ ಮುಂಚೆ ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದರು. ಅಂಥ ಬದುಕಿಗೆ ಸೂಜಿ-ದಾರ ಹೇಳಿ ಮಾಡಿಸಿದ್ದು. ಮಗ್ಗ ಹೂಡಬೇಕಿಲ್ಲ, ಅಂಗಡಿ ತೆರೆಯಬೇಕಿಲ್ಲ. ಬಟ್ಟೆಯ ತುಂಡು, ಕನ್ನಡಿ ಚೂರು, ಕವಡೆಗಳನ್ನು ಕೂಡಿಸಿ ತಾಯಿ ಹೊಲಿದಳು. ಪಕ್ಕದಲ್ಲಿ ಕುಳಿತ ಮಗಳು ಕಲಿತಳು. ಈ ಕಲೆಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಜಿ-20 ಸಭೆ ಹಂಪೆಯಲ್ಲಿ ನಡೆದಾಗ, 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಪವಿತ್ರ ಗ್ರಂಥದಲ್ಲೂ ಪಯಣ ಮತ್ತು ಕೈಕೆಲಸ ಜೊತೆಯಾಗಿವೆ. ಕೊರಿಂಥಕ್ಕೆ ಬಂದ ಸಂತ ಪೌಲರು ಅಕ್ವಿಲ, ಪ್ರಿಸಿಲ್ಲ ದಂಪತಿಗಳೊಡನೆ ಗುಡಾರ ಮಾಡುವ ಕೆಲಸ ಮಾಡಿದರು (ಪ್ರೇ.ಕಾ. 18:1-3). ಜೊಪ್ಪದ ತಬಿಥಾ ತೀರಿಕೊಂಡಾಗ, ಆಕೆ ಹೊಲಿದ ಉಡುಪುಗಳನ್ನು ವಿಧವೆಯರು ಅಳುತ್ತಾ ಪೇತ್ರರಿಗೆ ತೋರಿಸಿದರು (9:36-42). ಆಕೆಯ ಪ್ರೀತಿಗೆ ಆ ಬಟ್ಟೆಗಳೇ ಸಾಕ್ಷಿ.

ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ ಎಂದು ಜಗದ್ಗುರು ಸಂತ ಎರಡನೇ ಜಾನ್ ಪೌಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಈ ಅಳತೆಗೋಲನ್ನು ನಮ್ಮ ಹೆಣಿಗೆಗೂ ಹಿಡಿಯೋಣ. ಗಡುವಿನೊಳಗೆ ಒಪ್ಪಿಸಬೇಕಾದ ಆರ್ಡರಿನ ಕೆಲಸವಾದರೆ ಅದು ಮನೆಯಲ್ಲೇ ಇರಲಿ. ಹುಟ್ಟಲಿರುವ ಮೊಮ್ಮಗುವಿಗೆ ಕುಲಾವಿಯಾದರೆ, ಒಂದೊಂದು ಹೊಲಿಗೆಯೂ ಆ ಮಗುವಿಗಾಗಿ ಪ್ರಾರ್ಥನೆಯಾಗಬಲ್ಲದು. ಅಂಥ ಕೆಲಸ ದಣಿಸುವುದಿಲ್ಲ, ಮನಸ್ಸನ್ನು ತಣಿಸುತ್ತದೆ.

ಆದರೆ ತಂದೆಯರೇ, ಮಕ್ಕಳೇ, ನಿಮಗೂ ಒಂದು ಮಾತು. ಪ್ರವಾಸದಲ್ಲೂ ಬುತ್ತಿ ಬಿಚ್ಚುವವಳು, ಪಾತ್ರೆ ತೊಳೆಯುವವಳು, ಸಾಮಾನು ಕಾಯುವವಳು ತಾಯಿಯೊಬ್ಬಳೇ ಆದರೆ, ರಜೆ ಯಾರಿಗೆ ಸಿಕ್ಕಿತು? ಆ ಕೆಲಸಗಳನ್ನು ಹಂಚಿಕೊಳ್ಳಿ. ತುಂಗಭದ್ರೆಯ ದಡದಲ್ಲಿ ಆಕೆಗೆ ಒಂದು ಗಂಟೆ ಬಿಡುವಾಗಲಿ. ಹೆಣೆಯಲಿ, ಇಲ್ಲವೇ ಸುಮ್ಮನೆ ಕುಳಿತಿರಲಿ.

ಹೆಣೆಯುವವರೇ, ನೀವು ಇಷ್ಟನ್ನು ನೆನಪಿಡಿ:

1. ಲೆಕ್ಕ ತಪ್ಪಿದರೆ ಬಿಚ್ಚಬೇಕಾದ ಕಷ್ಟದ ವಿನ್ಯಾಸ ಬೇಡ. ಚಿಕ್ಕ, ಸರಳ ಹೆಣಿಗೆ ಸಾಕು.
2. ಸಂಡೂರಿನ ಗುಡ್ಡದ ತಿರುವುಗಳಲ್ಲಿ ಚೂಪಾದ ಕಡ್ಡಿಗಳು ಚೀಲದೊಳಗಿರಲಿ.
3. ಊಟ, ಜಪಸರ, ಹಿರಿಯರೊಡನೆ ಮಾತುಕತೆಯ ವೇಳೆ ಹೆಣಿಗೆ ಬದಿಗಿರಲಿ. ಹಂಪೆಯ ಶಿಲ್ಪಗಳ ಮುಂದೆ ಕಣ್ಣು ಮೇಲೆತ್ತಿ, ಅವೂ ಕೈಕೆಲಸವೇ.
4. ಭಾನುವಾರ ಮೊದಲು ಬಲಿಪೂಜೆ, ಆಮೇಲೆ ಉಳಿದದ್ದು.

ಕುಟುಂಬದಲ್ಲಿ ಚರ್ಚಿಸಲು: ನಮ್ಮ ಮನೆಯಲ್ಲಿ ರಜೆ ಎಲ್ಲರಿಗೂ ರಜೆಯೇ? ನಮ್ಮ ಕೈಗಳು ಈ ವರ್ಷ ಯಾರಿಗಾಗಿ ಏನನ್ನು ಮಾಡಿಕೊಟ್ಟಿವೆ?