ಡಿಗ್ರಿ ಮುಗಿಸಿ ಕೂತವರಿಗೆ

ಟಿ.ಬಿ. ಡ್ಯಾಂ, ಸಂಡೂರು, ಕಂಪ್ಲಿ ಕಡೆಯ ತಾಂಡಾ, ಮೊಹಲ್ಲಾಗಳಲ್ಲಿ ಕೆಲಸ ಸಿಗದೆ ಕೂತಿರುವ ತಮ್ಮ-ತಂಗಿಯರೇ, ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಗೆ ಅರ್ಜಿ ಹಾಕಿದಿರಾ? 2022-23ನೇ ಸಾಲಿನಿಂದೀಚೆಗೆ ಪಾಸಾಗಿ, 180 ದಿನ ಕಳೆದರೂ ಕೆಲಸವಿಲ್ಲದಿದ್ದರೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಗರಿಷ್ಠ ಎರಡು ವರ್ಷ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಹಾಕಿದ ಮೇಲೆ ಸುಮ್ಮನಾಗಬೇಡಿ, ನಿರುದ್ಯೋಗದ ಸ್ವಯಂ ಘೋಷಣೆ ಕೊಡುತ್ತಿರಬೇಕು.

ಸ್ವಂತ ಉದ್ಯೋಗಕ್ಕಾದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ತಾಂಡಾ ಅಭಿವೃದ್ಧಿ ನಿಗಮಗಳಿವೆ. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಿದೆ, ಹಾಗಾಗಿ ಕಚೇರಿಗಳೂ ಬೇರೆ. ಡ್ಯಾಂನವರು ಹೊಸಪೇಟೆಯ ಕಚೇರಿಗೆ, ಸಂಡೂರು, ಕಂಪ್ಲಿಯವರು ಬಳ್ಳಾರಿಗೆ ಹೋಗಬೇಕು. ಆಧಾರ್‌ನಲ್ಲಿ ‘ನಾಯ್ಕ’, ಅಂಕಪಟ್ಟಿಯಲ್ಲಿ ‘ನಾಯಕ್’ ಎಂದಿದ್ದರೆ ಮೊದಲು ಹೆಸರು ಸರಿಪಡಿಸಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಮಧ್ಯವರ್ತಿಯ ಕೈಗೆ ಮಾತ್ರ ದುಡ್ಡು ಕೊಡಬೇಡಿ.