ಮಧುಗಿರಿ ಎಂಬ ಹೆಸರು ಯಾರದು?

ಪ್ರಶ್ನೆ: ಆರು ವರ್ಷದಿಂದ ಮಧುಗಿರಿಯಲ್ಲಿ ಮರದ ಗಾಣ ಇಟ್ಟುಕೊಂಡಿದ್ದೇನೆ. ಪಾವಗಡದ ಕಡಲೆಕಾಯಿ ತಂದು ಎಣ್ಣೆ ತೆಗೆದು, ‘ಮಧುಗಿರಿ ಗಾಣದೆಣ್ಣೆ’ ಎಂದು ಚೀಟಿ ಅಂಟಿಸಿ ಕೊರಟಗೆರೆವರೆಗೂ ಮಾರುತ್ತೇನೆ. ಈಗ ಶಿರಾದಲ್ಲಿ ಒಬ್ಬರು ಅದೇ ಹೆಸರು, ಅದೇ ಹಳದಿ ಚೀಟಿ ಹಾಕಿದ್ದಾರೆ. ನನ್ನ ಹತ್ತಿರ ಆಹಾರ ಪರವಾನಗಿ ಇದೆ. ಟ್ರೇಡ್‌ಮಾರ್ಕ್ ಮಾಡಿಸಿದರೆ ಅವರನ್ನು ನಿಲ್ಲಿಸಬಹುದೆ? ದೇವರ ಹೆಸರಿಟ್ಟರೆ ಸಲೀಸು ಎನ್ನುತ್ತಾರೆ ಮನೆಯವರು.
– ಓದುಗರು, ಮಧುಗಿರಿ

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ನೀವು ಕಾಪಾಡಿಕೊಳ್ಳಲು ಹೊರಟಿರುವ ಹೆಸರಿಗೇ ಬಲವಿಲ್ಲ. ಅದರಲ್ಲಿ ಅರ್ಧ ಊರಿನದು, ಇನ್ನರ್ಧ ಸರಕಿನದು. ಸರಕು ಎಂಥದು, ಎಲ್ಲಿಯದು ಎಂದಷ್ಟೇ ಹೇಳುವ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಸಾಮಾನ್ಯವಾಗಿ ನೋಂದಣಿಗೆ ಬಿಡುವುದಿಲ್ಲ. ನಾಳೆ ಬೆಟ್ಟದ ಬುಡದಲ್ಲಿ ಇನ್ನೊಬ್ಬ ಗಾಣ ಹೂಡಿದರೆ ಅವನು ಏನೆಂದು ಬರೆದುಕೊಳ್ಳಬೇಕು, ಹೇಳಿ? ಆ ಹೆಸರೆಂದರೆ ನಿಮ್ಮ ಎಣ್ಣೆಯೇ ಎಂದು ಗಿರಾಕಿಗಳಲ್ಲಿ ನಾಟಿಹೋಗಿದೆಯೆಂದು ರುಜುವಾತು ಮಾಡಿದರೆ ವಿನಾಯಿತಿ ಉಂಟು. ಎರಡು ತಾಲ್ಲೂಕಿನ ವ್ಯಾಪಾರಕ್ಕೆ ಅದು ಕಷ್ಟ.

ಇನ್ನು ದೇವರ ಹೆಸರು. ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) 1985ರಿಂದ ಹಾಲಿಗೆ ‘ನಂದಿನಿ’ ಎಂದು ಇಟ್ಟುಕೊಂಡಿದೆ. ‘ನಂದಿನಿ ಡಿಲಕ್ಸ್’ ಹೋಟೆಲು ಬೆಂಗಳೂರಿನಲ್ಲಿ ಶುರುವಾದದ್ದು 1989ರಲ್ಲಿ. ಇಬ್ಬರ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಂದಿನಿ ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ ಎಂದ ಕೋರ್ಟು, ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದವಕ್ಕೆ ಹೋಟೆಲಿನವರೂ ನೋಂದಣಿ ಪಡೆಯಬಹುದೆಂದು 2018ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಕೆಎಂಎಫ್‌ನಂಥವರಿಗೇ ಹೀಗಾದರೆ, ಗೊರವನಹಳ್ಳಿ ಲಕ್ಷ್ಮಿಯನ್ನೋ ಪಾವಗಡದ ಶನಿಮಹಾತ್ಮನನ್ನೋ ಒಬ್ಬರೇ ಹಿಡಿದಿಟ್ಟುಕೊಳ್ಳಲು ಆದೀತೆ? (ಶನಿಮಹಾತ್ಮನಿಗೆ ಎಣ್ಣೆ ಸಲ್ಲುತ್ತದೆ ಎಂಬುದು ಬೇರೆ ಮಾತು.)

ಎಣ್ಣೆಗೆ ನಂಟೇ ಇಲ್ಲದ ಹೆಸರು ಹುಡುಕಿ. ಮನೆತನದ ಅಡ್ಡಹೆಸರು, ಹೊಲದ ಹೆಸರು, ಗಾಣಕ್ಕೆ ಎತ್ತು ಕಟ್ಟುತ್ತಿದ್ದರೆ ಅದರ ಹೆಸರೂ ಆದೀತು. ಮಧುಗಿರಿ ಕೆಳಗೆ ವಿಳಾಸದಲ್ಲಿ ಇರಲಿ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಅದು ಬೇರೆಯವರದಲ್ಲವೆಂದು ಮೊದಲು ನೋಡಿಕೊಳ್ಳಿ, ಕಾಸು ಬೇಡ. ಅಡುಗೆ ಎಣ್ಣೆಗೆ 29ನೇ ವರ್ಗ. ನಿಮ್ಮೊಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಪರಿಶೀಲನೆ ದಾಟಿದ ಮೇಲೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ನಾಲ್ಕು ತಿಂಗಳು. ನೋಂದಣಿಯಾದರೆ ಅರ್ಜಿಯ ದಿನದಿಂದ 10 ವರ್ಷ, ಮತ್ತೆ ನವೀಕರಣ. ನೋಂದಣಿಯಾಗುವವರೆಗೆ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ‘ಆರ್’ ಮಾತ್ರ ಕೂಡದು.

ಆಹಾರ ಪರವಾನಗಿಯಿಂದ ಹೆಸರಿನ ಹಕ್ಕು ಬರುವುದಿಲ್ಲ. ಆದರೆ ಶಿರಾದವರನ್ನು ಹಾಗೇ ಬಿಡಬೇಕಿಲ್ಲ. ಹೆಸರು ಎಲ್ಲರದಾದರೂ ಹಳದಿ ಚೀಟಿ ನಿಮ್ಮದು. ತಮ್ಮ ಸರಕನ್ನು ನಿಮ್ಮದೆಂದು ಗಿರಾಕಿ ನಂಬುವಂತೆ ಮಾರಿದರೆ, ನೋಂದಣಿಯಿಲ್ಲದೆಯೂ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಅದಕ್ಕೆ ಮುಂಚೆ ವಕೀಲರಿಂದ ಒಂದು ನೋಟಿಸು ಹೋಗಲಿ. ಅವರಿಗಿಂತ ಮೊದಲು ನೀವೇ ಶುರುಮಾಡಿದ್ದು ಎನ್ನಲು ಕಾಗದ ಬೇಕು: ಹಳೆಯ ಬಿಲ್ಲುಗಳು, ಬಾಟಲಿಯ ಫೋಟೋ, ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಚೀಟಿ ಅಚ್ಚು ಹಾಕಿದ ಪ್ರೆಸ್ಸಿನ ರಸೀದಿ. ಅದು ಎಲ್ಲಿದೆಯೆಂದು ಇವತ್ತೇ ಹುಡುಕಿ.